ಹನ್ನೊಂದರೊಳಗೆ ಇಳಿಯಬೇಕು

1893ರ ಡಿಸೆಂಬರಿನಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಷರ್ಲಾಕ್ ಹೋಮ್ಸನನ್ನು ಸ್ವಿಟ್ಜರ್ಲೆಂಡಿನ ರೈಖೆನ್‌ಬಾಕ್ ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡಿದ್ದರು. ಓದುಗರು ಸಿಟ್ಟಿನಿಂದ ಕುದಿಯುತ್ತಿದ್ದ ಆ ತಿಂಗಳುಗಳಲ್ಲಿ ಲೇಖಕರು ಅದೇ ದೇಶದ ದಾವೋಸ್‌ನಲ್ಲಿದ್ದರು. ಹೆಂಡತಿಗೆ ಕ್ಷಯ, ಬೆಟ್ಟದ ಗಾಳಿ ಒಳ್ಳೆಯದೆಂದು ಅಲ್ಲಿಗೆ ಬಂದಿದ್ದರು. ಆ ಊರಿನಲ್ಲಿ ಬ್ರಾಂಗರ್ ಎಂಬ ಅಣ್ಣತಮ್ಮಂದಿರಿದ್ದರು. ಕಾಲಿಗೆ ಉದ್ದನೆಯ ಮರದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹುಚ್ಚು ಅವರಿಗೆ. ಜನ ನಗುತ್ತಾರೆಂದು ಮೊದಮೊದಲು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ.

1894ರ ಮಾರ್ಚ್ 23ರ ನಸುಕಿನಲ್ಲಿ ಈ ಮೂವರು ಹೊರಟು, 2,440 ಮೀಟರ್ ಎತ್ತರದ ಮೈಯೆನ್‌ಫೆಲ್ಡರ್ ಫುರ್ಕಾ ಕಣಿವೆದಾರಿ ದಾಟಿ ಆರೋಸಾ ಎಂಬ ಊರಿಗೆ ಇಳಿದರು. ಕಡಿದಾದ ಒಂದು ಕಡೆ ಸ್ಕೀ ಬಿಚ್ಚಿ, ಎರಡನ್ನೂ ಜೋಡಿಸಿ ಕಟ್ಟಿ, ಅದರ ಮೇಲೆ ಕೂತು ಜಾರುವ ಯೋಜನೆ. ಡಾಯ್ಲ್ ಅವರ ಸ್ಕೀ ಯಜಮಾನನನ್ನು ಬಿಟ್ಟು ತಾನೊಂದೇ ಓಡಿತು. ಅವರು ಪ್ಯಾಂಟಿನ ಮೇಲೆಯೇ ಜಾರಿಕೊಂಡು ಬಂದರು. ಈ ಹ್ಯಾರಿಸ್ ಟ್ವೀಡ್ ಸವೆಯುವುದೇ ಇಲ್ಲ ಎಂದಿದ್ದ ದರ್ಜಿಯನ್ನು ಮುಂದೆ ಸ್ಟ್ರ್ಯಾಂಡ್ ಪತ್ರಿಕೆಯ ಲೇಖನದಲ್ಲಿ ಚೆನ್ನಾಗಿ ಗೇಲಿ ಮಾಡಿದರು. ಆರೋಸಾದ ಹೋಟೆಲಿನ ದಾಖಲೆ ಪುಸ್ತಕದಲ್ಲಿ ಟೋಬಿಯಾಸ್ ಬ್ರಾಂಗರ್ ಈ ಅತಿಥಿಯ ವೃತ್ತಿ ‘ಕ್ರೀಡಾಪಟು’ ಎಂದು ಬರೆದ. ಡಾಯ್ಲ್ ಅವರಿಗೆ ಅದರಿಂದ ಆದ ಖುಷಿ ಅಷ್ಟಿಷ್ಟಲ್ಲ.

ಮಾರ್ಚ್ ತಿಂಗಳು, ನಸುಕಿನ ಹೊರಡುವಿಕೆ, ಜೊತೆಗೆ ಬಲ್ಲ ಗೆಳೆಯರು. ನೂರಮೂವತ್ತು ವರ್ಷಗಳಾದ ಮೇಲೂ ವಸಂತದ ಸ್ಕೀ ಟೂರಿಂಗ್ ನಿಂತಿರುವುದು ಇವುಗಳ ಮೇಲೆಯೇ. ನಾವು ಸಿನಿಮಾಗಳಲ್ಲಿ ನೋಡುವ ಸ್ಕೀಯಿಂಗ್ ಬೇರೆ. ಅಲ್ಲಿ ತೂಗುಕುರ್ಚಿ ಮೇಲಕ್ಕೆ ಹೊತ್ತೊಯ್ಯುತ್ತದೆ, ಯಂತ್ರ ಹಿಮವನ್ನು ಹದ ಮಾಡಿರುತ್ತದೆ, ಅಪಾಯದ ಜಾಗಕ್ಕೆ ಹಗ್ಗ ಕಟ್ಟಿರುತ್ತಾರೆ. ಟೂರಿಂಗ್‌ನಲ್ಲಿ ಇದ್ಯಾವುದೂ ಇಲ್ಲ. ಹತ್ತುವುದು ಸ್ವಂತ ಕಾಲಿನಲ್ಲಿ. ಸ್ಕೀ ಅಡಿಗೆ ‘ಸ್ಕಿನ್’ ಎಂಬ ರೋಮದ ಪಟ್ಟಿ ಅಂಟಿಸುತ್ತಾರೆ. ರೋಮ ಹಿಂದಕ್ಕೆ ಮಲಗಿರುವುದರಿಂದ ಮುಂದೆ ಜಾರುತ್ತದೆ, ಹಿಂದೆ ಜಾರದು. ಒಂದು ಕಾಲಕ್ಕೆ ಅದು ನಿಜಕ್ಕೂ ಸೀಲ್ ಪ್ರಾಣಿಯ ಚರ್ಮವಾಗಿತ್ತು, ಈಗ ಮೋಹೇರ್ ಅಥವಾ ನೈಲಾನ್. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್ ಬೂಟಿನ ಮೂತಿಯನ್ನು ಎರಡು ಮೊಳೆಗಳ ನಡುವೆ ಹಿಡಿದು ಹಿಮ್ಮಡಿಯನ್ನು ಬಿಡುವಾಗಿಡುವ ಹಗುರ ಬೈಂಡಿಂಗ್ ರೂಪಿಸಿದ ಮೇಲೆ ಹತ್ತುವ ಕಷ್ಟ ಎಷ್ಟೋ ಇಳಿಯಿತು.

ಈ ಲೋಕದ ಕಾಶಿಯಾತ್ರೆ ಎಂದರೆ ಓತ್ ರೂಟ್. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ವರೆಗೆ, ಹಿಮನದಿಯಿಂದ ಹಿಮನದಿಗೆ ದಾಟುತ್ತ ಆರೇಳು ದಿನ. 1861ರ ಬೇಸಿಗೆಯಲ್ಲಿ ಇಂಗ್ಲಿಷ್ ಪರ್ವತಾರೋಹಿಗಳು ಕಾಲ್ನಡಿಗೆಯಲ್ಲಿ ಕಂಡುಕೊಂಡ ದಾರಿ ಇದು. 1903ರ ಜನವರಿಯಲ್ಲಿ ಶಾಮೊನಿಯ ವೈದ್ಯ ಮಿಶೆಲ್ ಪಾಯೋ, ಗೈಡುಗಳ ಜೊತೆ, ಕೆಲವೆಡೆ ಕಣಿವೆಯ ದಾರಿ ಹಿಡಿದು ಸ್ಕೀ ಮೇಲೆ ಝೆರ್ಮಾಟ್ ತಲುಪಿದರು. ಈಗ ಇದರ ಕಾಲ ಮಾರ್ಚ್ ನಡುವಿನಿಂದ ಮೇ ಆರಂಭದವರೆಗೆ. ಹಿಮನದಿಯ ಬಿರುಕುಗಳ ಮೇಲೆ ಚಳಿಗಾಲದ ಹಿಮ ಸೇತುವೆ ಕಟ್ಟಿರುತ್ತದೆ, ಹಗಲು ಉದ್ದವಾಗಿರುತ್ತದೆ, ದಾರಿಯ ತಂಗುಮನೆಗಳು ತೆರೆದಿರುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ, ವಸಂತದ ಹಿಮಕ್ಕೊಂದು ದಿನಚರಿ ಇದೆ. ಶುಭ್ರ ರಾತ್ರಿಯಲ್ಲಿ ಹಿಮ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಮೇಲ್ಪದರ ಕಲ್ಲಿನಂತೆ ಗಟ್ಟಿಯಾಗುವುದು ಇದರಿಂದಲೇ. ರಾತ್ರಿ ಮೋಡ ಮುಚ್ಚಿದ್ದರೆ ಶಾಖ ಹೊರಹೋಗದು, ಹಿಮ ಹೆಪ್ಪುಗಟ್ಟದು. ಹಾಗಾಗಿ ರಾತ್ರಿ ಎದ್ದು ಹೊರಗೆ ಹೋದವರು ನಕ್ಷತ್ರ ಕಾಣುತ್ತಿವೆಯೇ ಎಂದು ನೋಡಿ ಬರುತ್ತಾರೆ. ಕಾಣದಿದ್ದರೆ ಮರುದಿನದ ಯೋಜನೆ ಬದಲಾಗಬೇಕು.

ಬೆಳಿಗ್ಗೆ ಬಿಸಿಲು ಮೊದಲು ಪೂರ್ವದ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ ಬೀಳುತ್ತದೆ. ದಿನದಿನವೂ ಕರಗಿ ಹೆಪ್ಪುಗಟ್ಟಿದ ಹಿಮದ ಹರಳುಗಳು ಅಷ್ಟು ಹೊತ್ತಿಗೆ ದಪ್ಪ ರವೆಯಂತಾಗಿರುತ್ತವೆ. ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲಗೊಂಡು, ಕೆಳಗೆ ಇನ್ನೂ ಗಟ್ಟಿ ಇರುವ ಆ ಹೊತ್ತೇ ಇಳಿಯುವ ಮುಹೂರ್ತ. ಸ್ಕೀ ತಾನಾಗಿ ತಿರುಗುತ್ತದೆ, ಸಾಧಾರಣ ಸ್ಕೀಗಾರನೂ ರಾಜನಂತೆ ಇಳಿಯುತ್ತಾನೆ. ಇದು ಇರುವುದು ಹೆಚ್ಚೆಂದರೆ ಒಂದೆರಡು ಗಂಟೆ. ಬೇಗ ಬಂದರೆ ಮಂಜುಗಡ್ಡೆಯ ಮೇಲೆ ಹಲ್ಲು ಕಡಿಯುತ್ತ ಇಳಿಯಬೇಕು. ತಡವಾದರೆ ಮೊಣಕಾಲುದ್ದ ಹೂತುಹೋಗಬೇಕು. ಅಷ್ಟರಲ್ಲಿ ಕರಗಿದ ನೀರು ಕೆಳಪದರಕ್ಕೆ ಇಳಿದು ಹರಳುಗಳ ಬೆಸುಗೆ ಬಿಡಿಸಿರುತ್ತದೆ, ಇಡೀ ಇಳಿಜಾರು ಒದ್ದೆ ಹಿಮಕುಸಿತವಾಗಿ ಜಾರಬಹುದು. ಬಿರುಕಿನ ಮೇಲಿನ ಸೇತುವೆಗಳೂ ಮೆತ್ತಗಾಗುತ್ತವೆ.

ಆದ್ದರಿಂದ ಇಲ್ಲಿ ಲೆಕ್ಕ ಹಿಂದಿನಿಂದ ಮುಂದಕ್ಕೆ. ಹತ್ತು ಗಂಟೆಗೆ ತುದಿಯಲ್ಲಿರಬೇಕು, ಹನ್ನೊಂದರೊಳಗೆ ಇಳಿದಿರಬೇಕು ಎಂದಿಟ್ಟುಕೊಳ್ಳಿ. ಸಾಧಾರಣ ತಂಡ ಗಂಟೆಗೆ 300–400 ಮೀಟರ್ ಎತ್ತರ ಏರುತ್ತದೆ. ಏರು ಸಾವಿರ ಮೀಟರ್ ಇದ್ದರೆ ಎರಡೂವರೆಯಿಂದ ಮೂರೂವರೆ ಗಂಟೆ ಹಿಡಿಯುತ್ತದೆ, ಮೇಲೆ ಸುಧಾರಿಸಿಕೊಳ್ಳುವ ಹೊತ್ತು ಬೇರೆ. ಅಂದರೆ ಆರಕ್ಕೆ ಹೊರಡಬೇಕು, ಐದಕ್ಕೆ ಏಳಬೇಕು. ಉದ್ದದ ದಿನವಾದರೆ ಇನ್ನೂ ಬೇಗ.

ಓತ್ ರೂಟಿನ ದಾರಿಯಲ್ಲಿ, 3,160 ಮೀಟರ್ ಎತ್ತರದಲ್ಲಿರುವ ವಿನ್ಯೆಟ್ ತಂಗುಮನೆಯ ಬೆಳಗು ಹೀಗಿರುತ್ತದೆ. ಸಾಲು ಮಂಚಗಳ ಕೋಣೆಯಲ್ಲಿ ಕಂಬಳಿ ಮಡಚುವ ಸದ್ದು, ಹಣೆಗೆ ಕಟ್ಟಿದ ದೀಪಗಳು ಒಬ್ಬರ ಕಣ್ಣಿಗೊಬ್ಬರು ಹೊಡೆಯುತ್ತವೆ. ಕೆಳಗೆ ಬ್ರೆಡ್ಡು, ಜಾಮ್, ದೊಡ್ಡ ಬಟ್ಟಲಿನಲ್ಲಿ ಚಹಾ. ತಣ್ಣಗಾದರೆ ಅಂಟು ಕೈಕೊಡುತ್ತದೆಂದು ಕೆಲವರು ಸ್ಕಿನ್ನನ್ನು ಜಾಕೆಟ್ಟಿನೊಳಗೆ ಎದೆಗವುಚಿಕೊಂಡಿರುತ್ತಾರೆ. ಮನೆಯ ರಬ್ಬರ್ ಚಪ್ಪಲಿಗಳನ್ನು ಗೂಡಿಗೆ ಹಾಕಿ ತಣ್ಣನೆಯ ಬೂಟಿಗೆ ಕಾಲು ತೂರಿಸುವಾಗ ಮಾತ್ರ ಎಲ್ಲ ಭಾಷೆಗಳಲ್ಲೂ ಬೈಗುಳ ಕೇಳಿಬರುತ್ತದೆ. ಬಾಗಿಲ ಹೊರಗೆ ತಂಡದ ಒಬ್ಬ ನಿಂತು ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಎಲ್ಲರೂ ಧರಿಸುವ ಟ್ರಾನ್ಸ್‌ಸೀವರ್‌ಗಳಲ್ಲಿ ತನ್ನದನ್ನು ಹುಡುಕುವ ಸ್ಥಿತಿಯಲ್ಲಿಡುತ್ತಾನೆ. ಉಳಿದವರು ಒಬ್ಬೊಬ್ಬರಾಗಿ ಅವನ ಮುಂದೆ ಹಾಯಬೇಕು. ಪ್ರತಿಯೊಬ್ಬರಿಗೂ ಒಂದು ಬೀಪ್. ಯಾವ ಕಂಪನಿಯದಾದರೂ ಈ ಉಪಕರಣ 457 ಕಿಲೋಹರ್ಟ್ಸ್ ತರಂಗದಲ್ಲೇ ಮಿಡಿಯುತ್ತದೆ. ಹಿಮದಡಿ ಹೂತವರನ್ನು ಹುಡುಕಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸ್ವಿಸ್ ದಾಖಲೆಗಳ ಅಧ್ಯಯನದ ಪ್ರಕಾರ 15 ನಿಮಿಷದವರೆಗೆ ಬದುಕುವ ಸಾಧ್ಯತೆ ಶೇ 92, 35 ನಿಮಿಷಕ್ಕೆ ಅದು ಶೇ 30ಕ್ಕೆ ಕುಸಿಯುತ್ತದೆ. 2024ರ ಹೊಸ ವಿಶ್ಲೇಷಣೆ ಆ ಮೊದಲ ಅವಧಿಯನ್ನು 10 ನಿಮಿಷಕ್ಕೆ ಇಳಿಸಿದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದು ಅಪರೂಪ.

ಇದೇ ವಿನ್ಯೆಟ್ ಮನೆಯಿಂದ ಕೆಲವೇ ನೂರು ಮೀಟರ್ ದೂರದಲ್ಲಿ, 2018ರ ಏಪ್ರಿಲ್ 29ರ ರಾತ್ರಿ, ಬಿರುಗಾಳಿಗೆ ಸಿಕ್ಕ 14 ಮಂದಿ ಬಯಲಲ್ಲಿ ಉಳಿಯಬೇಕಾಯಿತು. ಅವರಲ್ಲಿ ಏಳು ಮಂದಿ ಸತ್ತರು. ಅದು ಹಿಮಕುಸಿತವಲ್ಲ, ಬರೀ ಗಾಳಿ, ಮಂಜು, ಚಳಿ. ಹವಾಮಾನ ಕೆಡಲಿದೆ ಎಂಬ ಮುನ್ಸೂಚನೆ ಆಗಲೇ ಇತ್ತು.

ಗೊತ್ತಿದ್ದೂ ಯಾಕೆ ಹೋಗುತ್ತಾರೆ? ಗೆಳೆಯನೊಬ್ಬನನ್ನು ಹಿಮಕುಸಿತದಲ್ಲಿ ಕಳೆದುಕೊಂಡ ಅಮೆರಿಕದ ಇಯಾನ್ ಮೆಕ್‌ಕ್ಯಾಮನ್ ಇದೇ ಪ್ರಶ್ನೆ ಹಿಡಿದು 1972ರಿಂದ 2003ರವರೆಗಿನ 715 ಅಪಘಾತಗಳನ್ನು ಜಾಲಾಡಿದರು. ಅವರು ಕಂಡದ್ದು ಅಜ್ಞಾನವನ್ನಲ್ಲ, ಮನಸ್ಸಿನ ಸುಲಭ ದಾರಿಗಳನ್ನು. ಪರಿಚಿತ ಬೆಟ್ಟ ಎಂಬ ನೆಮ್ಮದಿ, ಹಿಡಿದ ಗುರಿ ಬಿಡಬಾರದೆಂಬ ಹಟ, ಗುಂಪಿನ ಮೆಚ್ಚುಗೆಯ ಆಸೆ, ಮುಂದಿರುವವನಿಗೆ ಎಲ್ಲ ಗೊತ್ತಿದೆ ಎಂಬ ಭರವಸೆ. ಜೀವ ತೆಗೆಯುವ ಕುಸಿತಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತನ್ನು ಎಬ್ಬಿಸುವವರು ಸಿಕ್ಕಿಕೊಂಡವರು ಅಥವಾ ಅವರ ಜೊತೆಗಾರರೇ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಹೂರಣ ಇಲ್ಲಿದೆ. ಅಪರಿಚಿತರ ಗುಂಪಿನಲ್ಲಿ ‘ನಾನು ಬರೋದಿಲ್ಲ’ ಎನ್ನುವುದು ಸುಲಭ. ಗೆಳೆಯರ ನಡುವೆ ಹಾಗಲ್ಲ. ಒಬ್ಬ ರಜೆ ಗಿಟ್ಟಿಸಿಕೊಂಡು ಬಂದಿದ್ದಾನೆ, ಇನ್ನೊಬ್ಬಳು ವರ್ಷದಿಂದ ಕಾದಿದ್ದಾಳೆ, ‘ಇಷ್ಟು ದೂರ ಬಂದಾಯ್ತು, ಇನ್ನೆಷ್ಟಿದೆ ಮಾರಾಯ’ ಎಂಬ ಮಾತು ಯಾವ ಭಾಷೆಯಲ್ಲೂ ಹುಟ್ಟುತ್ತದೆ. ಹಿಮದ ಬಣ್ಣ ಸರಿಯಿಲ್ಲವೆಂದು ಕಂಡವನು ಸಂಕೋಚಕ್ಕೆ ಬಾಯಿ ಮುಚ್ಚುತ್ತಾನೆ. ಬಲ್ಲ ತಂಡಗಳು ಹಿಂದಿನ ಸಂಜೆ ಊಟದ ಮೇಜಿನಲ್ಲೇ ಮರಳುವ ಹೊತ್ತನ್ನು ನಿಗದಿ ಮಾಡಿ, ಒಬ್ಬರು ಬೇಡವೆಂದರೂ ಎಲ್ಲರೂ ತಿರುಗುವುದೆಂದು ಒಪ್ಪಿಕೊಳ್ಳುವುದು ಇದಕ್ಕೇ. 30 ಡಿಗ್ರಿ ಮೀರಿದ ಇಳಿಜಾರಿಗೆ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಒಬ್ಬ ಸಿಕ್ಕಿಕೊಂಡರೆ ಅಗೆಯಲು ಉಳಿದವರಿರಬೇಕು.

ಸ್ವಿಸ್ ಸೈನ್ಯ 1943ರಲ್ಲಿ ಝೆರ್ಮಾಟ್‌ನಿಂದ ವೆರ್ಬಿಯೆವರೆಗೆ ಆರಂಭಿಸಿದ ‘ಪತ್ರೂಯ್ ದೆ ಗ್ಲಾಸಿಯೆ’ ಸ್ಪರ್ಧೆಯಲ್ಲೂ ಓಡುವುದು ಮೂವರ ತಂಡ, ಮುಗಿಸಬೇಕಾದದ್ದೂ ಮೂವರೇ. 1949ರಲ್ಲಿ ಒಂದು ತಂಡದ ಮೂವರೂ ಹಿಮನದಿಯ ಬಿರುಕಿಗೆ ಬಿದ್ದು ಸತ್ತರು. ಸ್ಪರ್ಧೆ ನಿಂತಿತು, ಮತ್ತೆ ನಡೆದದ್ದು 1984ರಲ್ಲಿ. ಹಿಮನದಿಗಳೂ ಈಗ ಅಂದಿನಂತಿಲ್ಲ. 2022 ಮತ್ತು 2023ರ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ಶೇ 10ರಷ್ಟು ಗಾತ್ರ ಕಳೆದುಕೊಂಡಿವೆ. ಹಳೆಯ ನಕ್ಷೆ ನಂಬಿ ಹೊರಟರೆ ಹಿಮವಿದ್ದ ಕಡೆ ಬರಿ ಬಂಡೆ ಎದುರಾಗಬಹುದು.

ಝೂರಿಕ್, ಜಿನೀವಾ, ಮ್ಯೂನಿಕ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಏಪ್ರಿಲಿನಲ್ಲಿ ಸಹೋದ್ಯೋಗಿಗಳಿಂದ ಇಂಥ ಕರೆ ಬರಬಹುದು. ಹಿಮಾಲಯದಲ್ಲಿ ಚಾರಣ ಮಾಡಿದ ಅನುಭವವೊಂದೇ ಇದಕ್ಕೆ ಸಾಲದು. ಮೊದಲು ಹದ ಮಾಡಿದ ಇಳಿಜಾರಿನಲ್ಲಿ ಸ್ಕೀ ಚೆನ್ನಾಗಿ ಕಲಿಯಿರಿ, ಹಿಮಕುಸಿತದ ತರಬೇತಿ ಮುಗಿಸಿ, ಹಿಮನದಿಗೆ ಪರವಾನಗಿ ಇರುವ ಗೈಡ್ ಇಲ್ಲದೆ ಕಾಲಿಡಬೇಡಿ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಐದು ಹಂತಗಳ ಅಪಾಯದ ಮುನ್ಸೂಚನೆಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಸಂಜೆಯೂ ಬೆಳಿಗ್ಗೆಯೂ ಓದಿ. ಓತ್ ರೂಟಿನ ಬಹುಭಾಗ ವಾಲೆ ಪ್ರಾಂತ್ಯದಲ್ಲಿದೆ. ಅಲ್ಲಿ ತುರ್ತಿಗೆ ಕರೆಯಬೇಕಾದ ಸಂಖ್ಯೆ 144.