ಫುಲ್‌ಬ್ರೈಟ್ ಸೋತ ಚುನಾವಣೆ

ಫುಲ್‌ಬ್ರೈಟ್ ಎಂಬುದು ನಮ್ಮ ಕಾಲೇಜುಗಳಲ್ಲಿ ಒಬ್ಬ ಮನುಷ್ಯನ ಹೆಸರಾಗಿ ಉಳಿದಿಲ್ಲ. ಅದು ಒಂದು ವಿದ್ಯಾರ್ಥಿವೇತನದ ಹೆಸರಾಗಿಬಿಟ್ಟಿದೆ. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯವನ್ನು ಸೇರಿದ್ದು ಈ ವೇತನದ ನೆರವಿನಿಂದ. ಅವರು ಅಲ್ಲಿಯೇ ನೆಲೆನಿಂತು, 1973ರಲ್ಲಿ ನಮ್ಮ ಶಿವಶರಣರ ವಚನಗಳನ್ನು ಇಂಗ್ಲಿಷ್ ಬಲ್ಲ ಲೋಕದ ಮುಂದಿಟ್ಟರು. ಗಿರೀಶ ಕಾರ್ನಾಡರು 1987-88ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಾಟಕಕಾರರಾಗಿ ಒಂದು ವರ್ಷ ಕಳೆದದ್ದೂ ಇದೇ ಹೆಸರಿನ ಆಶ್ರಯದಲ್ಲಿ. ಹೀಗೆ ಕನ್ನಡಕ್ಕೂ ಈ ಹೆಸರಿಗೂ ಒಂದು ನಂಟು ಬೆಳೆದಿದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಅವನ ಬಾಳಿನ ಕಡೆಯ ಚುನಾವಣೆ ಏನಾಯಿತು ಎಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಲೋಕವೆಲ್ಲ ಗೌರವಿಸುತ್ತಿದ್ದ ಆ ಹಿರಿಯ ಸೆನೆಟರನ್ನು 1974ರಲ್ಲಿ ಅವರ ಊರಿನವರೇ ಮನೆಗೆ ಕಳುಹಿಸಿದರು. ಪ್ರಜಾಪ್ರಭುತ್ವವನ್ನು ಒಪ್ಪಿಕೊಂಡಿರುವ ನಾವೂ ಆ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಸೆನೆಟ್ ಸಭೆ ನಮ್ಮ ರಾಜ್ಯಸಭೆಯಂತಲ್ಲ. ನಮ್ಮ ರಾಜ್ಯಸಭೆಗೆ ಶಾಸಕರು ಸದಸ್ಯರನ್ನು ಆರಿಸುತ್ತಾರೆ. ಅಲ್ಲಿ 1913ರ ಸಂವಿಧಾನದ ತಿದ್ದುಪಡಿಯಿಂದೀಚೆಗೆ ಜನರೇ ನೇರವಾಗಿ ಆರಿಸುತ್ತಾರೆ. ಸಂಸ್ಥಾನ ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿಯೊಂದಕ್ಕೂ ಇಬ್ಬರು ಸೆನೆಟರುಗಳು. ಒಬ್ಬೊಬ್ಬರಿಗೂ ಆರು ವರ್ಷಗಳ ಅವಧಿ. 1970ರ ಜನಗಣತಿಯಲ್ಲಿ ಇಪ್ಪತ್ತು ಲಕ್ಷವನ್ನೂ ಮುಟ್ಟದ ಆರ್ಕನ್ಸಾ ಸಂಸ್ಥಾನಕ್ಕೂ ಅದರ ಹತ್ತು ಪಟ್ಟು ಜನರಿದ್ದ ಕ್ಯಾಲಿಫೋರ್ನಿಯಕ್ಕೂ ಅಲ್ಲಿ ಸಮಾನ ಸ್ಥಾನ. ಪಕ್ಷದ ಉಮೇದುವಾರ ಯಾರೆಂಬುದನ್ನೂ ಅಲ್ಲಿ ಮುಖಂಡರು ಕೋಣೆಯೊಳಗೆ ಕುಳಿತು ಗೊತ್ತುಮಾಡುವುದಿಲ್ಲ. ಅದಕ್ಕೂ ಜನರ ಮತದಾನ ನಡೆಯುತ್ತದೆ. ಆ ಕಾಲದ ದಕ್ಷಿಣ ಸಂಸ್ಥಾನಗಳಲ್ಲಿ ಡೆಮೊಕ್ರಾಟಿಕ್ ಪಕ್ಷದ ಈ ಒಳಚುನಾವಣೆಯೇ ನಿಜವಾದ ಚುನಾವಣೆ. ನವೆಂಬರಿನಲ್ಲಿ ನಡೆಯುವುದು ಬಹುಮಟ್ಟಿಗೆ ಶಾಸ್ತ್ರಕ್ಕೆ ಮಾತ್ರ. ಇನ್ನೊಂದು ಸಂಗತಿ: ಸಭೆಯಲ್ಲಿ ಹೆಚ್ಚು ವರ್ಷ ಕುಳಿತವನಿಗೆ ಸಮಿತಿಗಳ ಅಧ್ಯಕ್ಷತೆ ದೊರೆಯುವುದು ವಾಡಿಕೆ. ಆದ್ದರಿಂದ ಹಳೆಯ ಸೆನೆಟರನ್ನು ಉಳಿಸಿಕೊಂಡರೆ ಊರಿಗೆ ಲಾಭವೆಂಬ ಲೆಕ್ಕಾಚಾರ ಮತದಾರರಲ್ಲಿ ಸಹಜವಾಗಿಯೇ ಇರುತ್ತಿತ್ತು.

ಜೆ. ವಿಲಿಯಂ ಫುಲ್‌ಬ್ರೈಟರು ಹುಟ್ಟಿದ್ದು 1905ರಲ್ಲಿ. ಬೆಳೆದದ್ದು ಆರ್ಕನ್ಸಾದ ಫಯಟ್‌ವಿಲ್ ಎಂಬ ಊರಿನಲ್ಲಿ. ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಆ ತರುಣ 1939ರಲ್ಲಿ, ಮೂವತ್ತನಾಲ್ಕರ ಹರೆಯದಲ್ಲೇ, ಆರ್ಕನ್ಸಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಅವರ ತಾಯಿ ನಡೆಸುತ್ತಿದ್ದ ಪತ್ರಿಕೆ ಹೋಮರ್ ಆಡ್ಕಿನ್ಸ್ ಎಂಬ ರಾಜಕಾರಣಿಯನ್ನು ಟೀಕಿಸಿತ್ತು. ಆತ ಗವರ್ನರಾದ ಮೇಲೆ ಮಗನ ಹುದ್ದೆ ಹೋಯಿತು. 1944ರಲ್ಲಿ ಫುಲ್‌ಬ್ರೈಟರು ಸೆನೆಟ್ ಚುನಾವಣೆಗೆ ನಿಂತು ಅದೇ ಆಡ್ಕಿನ್ಸರನ್ನು ಸೋಲಿಸಿದರು. ಆಗ ಆ ಪೀಠದಲ್ಲಿದ್ದವರು ಹ್ಯಾಟಿ ಕ್ಯಾರವೇ. ಅಮೆರಿಕದಲ್ಲಿ ಸೆನೆಟ್ಟಿಗೆ ಚುನಾಯಿತರಾದ ಮೊದಲ ಮಹಿಳೆ. ಆಕೆ ಮೊದಲ ಸುತ್ತಿನಲ್ಲೇ ಹಿಂದೆ ಬಿದ್ದರು. ಕುಳಿತವರನ್ನು ಎಬ್ಬಿಸಿಯೇ ಫುಲ್‌ಬ್ರೈಟರೂ ಆ ಪೀಠಕ್ಕೆ ಬಂದವರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಮುಂದಿನ ಮೂವತ್ತು ವರ್ಷಗಳಲ್ಲಿ ಅವರು ಏರಿದ ಎತ್ತರ ಸಾಮಾನ್ಯವಾದುದಲ್ಲ. ಯುದ್ಧ ಮುಗಿದಾಗ ಹೊರದೇಶಗಳಲ್ಲಿ ಉಳಿದುಹೋಗಿದ್ದ ಅಮೆರಿಕದ ಸಾಮಗ್ರಿಯನ್ನು ಮಾರಿ, ಬಂದ ಹಣವನ್ನು ದೇಶದೇಶಗಳ ನಡುವೆ ವಿದ್ವಾಂಸರ ವಿನಿಮಯಕ್ಕೆ ಬಳಸುವ ಅವರ ಮಸೂದೆ 1946ರಲ್ಲಿ ಶಾಸನವಾಯಿತು. 1954ರಲ್ಲಿ ಸೆನೆಟರ್ ಮೆಕಾರ್ಥಿಯ ಹೆಸರು ಕೇಳಿದರೆ ದೊಡ್ಡ ದೊಡ್ಡವರೇ ನಡುಗುತ್ತಿದ್ದಾಗ, ಆತನ ತನಿಖಾ ಸಮಿತಿಗೆ ಹಣ ಮಂಜೂರು ಮಾಡಬಾರದೆಂದು ಇಡೀ ಸೆನೆಟ್ಟಿನಲ್ಲಿ ಮತ ಹಾಕಿದವರು ಫುಲ್‌ಬ್ರೈಟರೊಬ್ಬರೇ. 1959ರಿಂದ ಅವರು ವಿದೇಶಾಂಗ ಸಮಿತಿಯ ಅಧ್ಯಕ್ಷರು. 1964ರಲ್ಲಿ ವಿಯಟ್ನಾಂ ಯುದ್ಧಕ್ಕೆ ಬಾಗಿಲು ತೆರೆದ ಟಾಂಕಿನ್ ನಿರ್ಣಯವನ್ನು, ಗೆಳೆಯ ಜಾನ್ಸನ್ನರ ಮಾತು ನಂಬಿ, ಅವರೇ ಸಭೆಯಲ್ಲಿ ಮುಂದೆ ನಿಂತು ಅಂಗೀಕಾರ ಮಾಡಿಸಿದರು. ಎರಡೇ ವರ್ಷದಲ್ಲಿ, 1966ರಲ್ಲಿ, ಅದೇ ಯುದ್ಧದ ಮೇಲೆ ಬಹಿರಂಗ ವಿಚಾರಣೆ ನಡೆಸಿದರು. ಟೆಲಿವಿಷನ್ನಿನ ಮೂಲಕ ಅದು ಮನೆಮನೆಗೂ ಮುಟ್ಟಿತು. ತಮ್ಮ ಪಕ್ಷದ ಅಧ್ಯಕ್ಷನನ್ನೇ ಹೀಗೆ ಎದುರಿಸುವುದಕ್ಕೆ ಎದೆ ಬೇಕು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ವಾಷಿಂಗ್ಟನ್ನಿನ ಈ ಪಂಡಿತ ಆರು ವರ್ಷಕ್ಕೊಮ್ಮೆ ಹತ್ತಿ, ಬತ್ತ, ಕೋಳಿ ಬೆಳೆಸುವ ರೈತರ ಮುಂದೆ ನಿಲ್ಲಬೇಕಾಗಿತ್ತು. ಅವರ ಹಿತವನ್ನು ಆತ ಮರೆತವರಲ್ಲ. ಅರುವತ್ತರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹೇರಿದಾಗ, ಅಣ್ವಸ್ತ್ರಗಳ ವಿಷಯ ಚರ್ಚೆಯಾಗುತ್ತಿದ್ದ ನ್ಯಾಟೋ ಕೂಟದಲ್ಲೇ ಫುಲ್‌ಬ್ರೈಟರು ಆರ್ಕನ್ಸಾದ ಕೋಳಿಯ ಮಾತೆತ್ತಿದರು! ಇದನ್ನು ಕೇಳಿ ನಗಬಹುದು. ಆದರೆ ಊರಿನ ಪ್ರತಿನಿಧಿ ಊರಿನ ಕೋಳಿಯನ್ನು ಮರೆಯದಿರುವುದು ತಪ್ಪೇನಲ್ಲ.

ನಗಲಾಗದ ಸಂಗತಿ ಬೇರೆ. ಶಾಲೆಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆಬೇರೆ ಕೂರಿಸಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಅದನ್ನು ವಿರೋಧಿಸಿ ದಕ್ಷಿಣದ ಪ್ರತಿನಿಧಿಗಳು 1956ರಲ್ಲಿ ಹೊರಡಿಸಿದ ಪ್ರಣಾಳಿಕೆಗೆ ಫುಲ್‌ಬ್ರೈಟರು ಸಹಿ ಹಾಕಿದರು. 1957ರಲ್ಲಿ ಅವರದೇ ಸಂಸ್ಥಾನದ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಕಪ್ಪು ಮಕ್ಕಳು ಶಾಲೆಯ ಮೆಟ್ಟಿಲೇರಲು ಸೈನ್ಯವೇ ಬರಬೇಕಾದಾಗ ಅವರು ಬಾಯಿ ತೆರೆಯಲಿಲ್ಲ. 1964ರ ಪೌರಹಕ್ಕುಗಳ ಶಾಸನಕ್ಕೂ, ಕರಿಯರಿಗೆ ಮತದಾನವನ್ನು ಭದ್ರಪಡಿಸಿದ 1965ರ ಶಾಸನಕ್ಕೂ ವಿರುದ್ಧವಾಗಿ ಮತ ಹಾಕಿದರು. ಬೇರೆ ರೀತಿ ನಡೆದುಕೊಂಡರೆ ಪೀಠ ಉಳಿಯದು. ಪೀಠ ಹೋದರೆ ಲೋಕಕ್ಕೆ ತಾನು ಮಾಡಬಹುದಾದ ಒಳಿತೂ ಹೋಗುತ್ತದೆ — ಇದು ಅವರ ಪರವಾಗಿ ಹೇಳಲಾಗುವ ಸಮಾಧಾನ.

ಇದನ್ನು ಓದುವಾಗ ನನಗೆ ನಮ್ಮ ಹಳಗನ್ನಡದ ಒಂದು ಮಾತು ನೆನಪಾಗುತ್ತದೆ: ಜೋಳವಾಳಿ. ಒಡೆಯ ಅಳೆದ ಜೋಳವನ್ನು ಉಂಡವನು ಆ ಋಣಕ್ಕಾಗಿ ಒಡೆಯನ ಪಕ್ಷದಲ್ಲೇ ನಿಂತು ಕಾದಬೇಕು. ಒಡೆಯನ ನಡತೆ ಸರಿಯೇ ತಪ್ಪೇ ಎಂಬ ವಿಚಾರ ಅಲ್ಲಿಲ್ಲ. ಪಂಪನ ಕರ್ಣ ಈ ಧರ್ಮಕ್ಕೆ ತಲೆಯೊಪ್ಪಿಸಿದವನು. ಅದಕ್ಕಾಗಿಯೇ ಅವನು ನಮಗೆ ಪ್ರಿಯ. ಫುಲ್‌ಬ್ರೈಟರು ಸಲ್ಲಿಸಿದ್ದೂ ಒಂದು ಬಗೆಯ ಜೋಳವಾಳಿ ಎನ್ನಬಹುದೇನೋ. ಆದರೆ ಎರಡಕ್ಕೂ ಒಂದು ಅಂತರವಿದೆ. ಕರ್ಣ ತೆತ್ತದ್ದು ತನ್ನ ಪ್ರಾಣವನ್ನು. ಫುಲ್‌ಬ್ರೈಟರು ತೆತ್ತದ್ದು ಬೇರೆಯವರ ಹಕ್ಕನ್ನು. ಅದಲ್ಲದೆ, ಆರ್ಕನ್ಸಾದ ಹೊಲಗಳಲ್ಲಿ ಆ ಜೋಳವನ್ನು ಬೆಳೆದವರು ಯಾರು? ಸಂಸ್ಥಾನದ ಸುಮಾರು ಐವರಲ್ಲಿ ಒಬ್ಬರು ಕರಿಯರು. ಹತ್ತಿ ಬಿಡಿಸಿದ ಕೈಗಳಲ್ಲಿ ಅವರ ಕೈಗಳೂ ಇದ್ದವು. ಅವರ ಋಣ ಯಾರ ಲೆಕ್ಕದಲ್ಲೂ ಬರಲಿಲ್ಲ.

ಹಾಗೆಂದು ಆ ಭಯ ಬರಿಯ ನೆಪವಾಗಿತ್ತೆನ್ನುವುದು ನ್ಯಾಯವಲ್ಲ. ಲಿಟಲ್ ರಾಕಿನ ಕಾಂಗ್ರೆಸ್ ಸದಸ್ಯ ಬ್ರೂಕ್ಸ್ ಹೇಸ್ ಆ ಗಲಭೆಯಲ್ಲಿ ಸಂಧಾನಕ್ಕೆ ಕೈ ಹಾಕಿದರು. 1958ರ ಚುನಾವಣೆಯಲ್ಲಿ, ಮತಪತ್ರದಲ್ಲಿ ಅಚ್ಚೇ ಆಗಿರದ ಒಬ್ಬ ಉಮೇದುವಾರನ ಹೆಸರನ್ನು ಜನ ಬರೆದು ಹಾಕಿ ಹೇಸರನ್ನು ಸೋಲಿಸಿದರು. ಟಾಂಕಿನ್ ನಿರ್ಣಯವನ್ನು ಸೆನೆಟ್ಟಿನಲ್ಲಿ ವಿರೋಧಿಸಿದ ಇಬ್ಬರೇ ಇಬ್ಬರು, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್, 1968ರಲ್ಲಿ ಪೀಠ ಕಳೆದುಕೊಂಡರು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಆರ್ಕನ್ಸಾದ ನೆರೆಯ ಟೆನೆಸೀ ಸಂಸ್ಥಾನದ ಇಬ್ಬರು ಸೆನೆಟರುಗಳು, ಕೆಫಾವರ್ ಮತ್ತು ಹಿರಿಯ ಗೋರ್, 1956ರ ಪ್ರಣಾಳಿಕೆಗೆ ಸಹಿ ಹಾಕಲಿಲ್ಲ. ಗೋರ್ 1958ರಲ್ಲಿಯೂ ಕೆಫಾವರ್ 1960ರಲ್ಲಿಯೂ ಮತ್ತೆ ಗೆದ್ದು ಬಂದರು. ಅಪಾಯವಿತ್ತು, ಸೋಲು ಖಂಡಿತವಾಗಿರಲಿಲ್ಲ.

1968ರಲ್ಲಿ ಫುಲ್‌ಬ್ರೈಟರನ್ನು ಎದುರಿಸಿದವರಲ್ಲಿ ಮುಖ್ಯನಾದವನು ವರ್ಣಭೇದದ ಕಟ್ಟಾ ಪ್ರತಿಪಾದಕ ಜಿಮ್ ಜಾನ್ಸನ್. ಒಳಚುನಾವಣೆಯಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಮತ ಪಡೆದು ಫುಲ್‌ಬ್ರೈಟರು ಪಾರಾದರು. ಕಾಲ ಬದಲಾಗುತ್ತಿತ್ತು, ಅವರೂ ಬದಲಾದರು. 1970ರಲ್ಲಿ ಮತದಾನ ಹಕ್ಕಿನ ಶಾಸನವನ್ನು ಮುಂದುವರಿಸುವ ಪಕ್ಷದಲ್ಲಿ ಅವರ ಮತ ಬಿತ್ತು.

ಇನ್ನು ಎದುರಾಳಿಯ ಪ್ರವೇಶ. ಚಾರ್ಲ್‌ಸ್ಟನ್ ಎಂಬ ಸಣ್ಣ ಊರಿನ ವಕೀಲ ಡೇಲ್ ಬಂಪರ್ಸ್. ಆ ಊರಿಗೆಲ್ಲ ಅವರೊಬ್ಬರೇ ವಕೀಲರು. ಮುಂದೆ ಬರೆದ ಆತ್ಮಕಥೆಯ ಹೆಸರಿನಲ್ಲಿಯೇ ಇದನ್ನು ಹೇಳಿ ತಮ್ಮನ್ನು ತಾವೇ ಹಾಸ್ಯಮಾಡಿಕೊಂಡಿದ್ದಾರೆ. 1954ರ ತೀರ್ಪು ಬಂದಾಗ ಶಾಲಾ ಮಂಡಳಿ ಅವರ ಸಲಹೆ ಕೇಳಿತು. ನ್ಯಾಯಾಲಯ ಹೇಳಿದಂತೆ ನಡೆಯಿರಿ ಎಂದರು ಬಂಪರ್ಸ್. ಅದೇ ವರ್ಷ ಆ ಊರಿನ ಬೆರಳೆಣಿಕೆಯ ಕಪ್ಪು ಮಕ್ಕಳು ಬಿಳಿಯ ಮಕ್ಕಳೊಡನೆ ಗದ್ದಲವಿಲ್ಲದೆ ಪಾಠಕ್ಕೆ ಕುಳಿತರು. ಹಳೆಯ ದಕ್ಷಿಣದಲ್ಲಿ ಹೀಗೆ ಮಾಡಿದ ಮೊತ್ತಮೊದಲ ಶಾಲೆಗಳಲ್ಲಿ ಅದೂ ಒಂದು. ಅಲ್ಲಿ ಕರಿಯರು ಕೆಲವರೇ ಇದ್ದರು, ವಕೀಲನಿಗೆ ಆಗ ಕಾಯ್ದುಕೊಳ್ಳಬೇಕಾದ ಪೀಠವೂ ಇರಲಿಲ್ಲ ಎಂಬುದು ನಿಜ. ಆದರೂ ಇಡೀ ಸಂಸ್ಥಾನದ ಸೆನೆಟರು ಬಾಯಿಬಿಟ್ಟು ಹೇಳಲಾರದ ಮಾತನ್ನು ಹಳ್ಳಿಯ ವಕೀಲನೊಬ್ಬ ಆಡಿ ತೋರಿಸಿದ್ದೂ ಅಷ್ಟೇ ನಿಜ.

ಹದಿನಾರು ವರ್ಷಗಳ ಬಳಿಕ, 1970ರಲ್ಲಿ, ಇದೇ ಬಂಪರ್ಸರು ಲಿಟಲ್ ರಾಕ್ ಗಲಭೆಯ ನಾಯಕ ಆರ್ವಲ್ ಫಾಬಸ್ಸನನ್ನು ಒಳಚುನಾವಣೆಯಲ್ಲಿಯೂ, ಅಧಿಕಾರದಲ್ಲಿದ್ದ ವಿನ್‌ತ್ರಾಪ್ ರಾಕ್‌ಫೆಲರರನ್ನು ನವೆಂಬರಿನಲ್ಲಿಯೂ ಸೋಲಿಸಿ ಗವರ್ನರಾದರು. 1965ರ ಶಾಸನದ ಫಲವಾಗಿ ದಕ್ಷಿಣದಲ್ಲೆಲ್ಲ ಮತದಾರರ ಪಟ್ಟಿಗೆ ಹೊಸ ಹೆಸರುಗಳು ಸೇರಿದ್ದವು. ಫುಲ್‌ಬ್ರೈಟರು ತಡೆಯಲು ಯತ್ನಿಸಿದ ಆ ಶಾಸನವೇ ಅವರ ಸಂಸ್ಥಾನದ ರಾಜಕೀಯವನ್ನು ಬದಲಿಸುತ್ತಿತ್ತು.

1974ರ ವಸಂತದಲ್ಲಿ ಬಂಪರ್ಸರು ಸೆನೆಟ್ಟಿಗೆ ಸ್ಪರ್ಧಿಸುವುದಾಗಿ ಸಾರಿದರು. ಅದು ವಾಟರ್‌ಗೇಟ್ ಹಗರಣದ ಕಾಲ. ವಾಷಿಂಗ್ಟನ್ ಎಂದರೆ ಜನ ಮೂಗು ಮುರಿಯುತ್ತಿದ್ದರು. ತಮ್ಮ ಅನುಭವ, ತಮ್ಮ ಅಧ್ಯಕ್ಷ ಪದವಿ, ಅದರಿಂದ ಸಂಸ್ಥಾನಕ್ಕಾಗುವ ಲಾಭ ಇವನ್ನು ಫುಲ್‌ಬ್ರೈಟರು ಮುಂದಿಟ್ಟರು. ಬಂಪರ್ಸರು ಅವರನ್ನು ನಿಂದಿಸಲಿಲ್ಲ. ಅವರ ವಿದೇಶಾಂಗ ನೀತಿಯೊಡನೆ ಜಗಳಕ್ಕೂ ಹೋಗಲಿಲ್ಲ. ನಗುಮುಖದಿಂದ ಊರೂರು ತಿರುಗಿ ಕೈಕುಲುಕಿದರು. ವಾದಕ್ಕೆ ವಾದ ಹೂಡುವುದು ಫುಲ್‌ಬ್ರೈಟರಿಗೆ ಕರಗತವಾದ ವಿದ್ಯೆ. ವಾದವನ್ನೇ ಹೂಡದ ಎದುರಾಳಿಯ ಮುಂದೆ ಅದರಿಂದ ಏನು ಪ್ರಯೋಜನ? ಮೇ 28ರಂದು ಮತದಾನ ನಡೆಯಿತು. ಬಂಪರ್ಸರಿಗೆ ನೂರಕ್ಕೆ ಸುಮಾರು 65. ಮೂವತ್ತು ವರ್ಷ ಪೀಠದಲ್ಲಿದ್ದವರಿಗೆ 35.

ಈ ಸೋಲಿನ ಅರ್ಥವೇನು? ಜನರ ಕೃತಘ್ನತೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ವಿಯಟ್ನಾಮಿನ ಬಗ್ಗೆ ಆಡಿದ ಕಟು ಸತ್ಯಕ್ಕಾಗಿ ಆರ್ಕನ್ಸಾದ ಜನ ಅವರನ್ನು ದಂಡಿಸಲಿಲ್ಲ. ಆ ಯುದ್ಧದ ನಡುವೆಯೇ, 1968ರಲ್ಲಿ, ಅವರನ್ನು ಗೆಲ್ಲಿಸಿದ್ದರು. ಕರಿಯರ ಹಕ್ಕಿನ ಪರವಾಗಿ ಮಾತಾಡಿದ್ದಕ್ಕಾಗಿಯಂತೂ ಅಲ್ಲ. ಆಡಬೇಕಾದಾಗ ಅವರು ಆಡಿರಲೇ ಇಲ್ಲ. ಕೊನೆಗೆ ಅವರನ್ನು ಸೋಲಿಸಿದ್ದು ಅವರಿಗೂ ಜನರಿಗೂ ನಡುವೆ ಬೆಳೆದ ದೂರ, ಮತ್ತು ಹೊಸಬನೊಬ್ಬನ ಮೇಲಿನ ಅಕ್ಕರೆ. ಯಾವ ಪೀಠವನ್ನು ಉಳಿಸಿಕೊಳ್ಳಲೆಂದು ಅಂತಃಸಾಕ್ಷಿಯ ಒಂದು ಪಾಲನ್ನು ಒತ್ತೆಯಿಟ್ಟರೋ ಆ ಪೀಠ ಹೋದಾಗ, ಒತ್ತೆಯಿಟ್ಟದ್ದು ಮರಳಿ ಬರಲಿಲ್ಲ.

ಆದರೂ ಇಷ್ಟಕ್ಕೇ ತೀರ್ಪು ಹೇಳಿ ಮುಗಿಸಲು ನನ್ನ ಮನಸ್ಸು ಒಪ್ಪದು. ಅವರು 1956ರಲ್ಲೇ ಧೈರ್ಯ ತೋರಿ ಆ ವರ್ಷದ ಚುನಾವಣೆಯಲ್ಲಿ ಸೋತಿದ್ದರೆ, ಹತ್ತು ವರ್ಷಗಳ ಮೇಲೆ ವಿಯಟ್ನಾಂ ವಿಚಾರಣೆಯನ್ನು ಯಾರು ನಡೆಸುತ್ತಿದ್ದರು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಲಿಟಲ್ ರಾಕಿನ ಆ ಒಂಬತ್ತು ಮಕ್ಕಳ ಮುಂದೆ ನಿಂತು ಇದೇ ಪ್ರಶ್ನೆಯನ್ನು ಕೇಳುವ ಧೈರ್ಯವೂ ನನಗಿಲ್ಲ.

ಬಂಪರ್ಸರು ಆ ಪೀಠದಲ್ಲಿ 1999ರವರೆಗೆ, ಇಪ್ಪತ್ತನಾಲ್ಕು ವರ್ಷ ಕುಳಿತರು, ತಾವಾಗಿಯೇ ಬಿಟ್ಟರು. ವಿದ್ಯಾರ್ಥಿಯಾಗಿದ್ದಾಗ ಫುಲ್‌ಬ್ರೈಟರ ಸಮಿತಿಯ ಕಚೇರಿಯಲ್ಲಿ ದುಡಿದಿದ್ದ ಆರ್ಕನ್ಸಾದ ತರುಣ ಬಿಲ್ ಕ್ಲಿಂಟನ್ ಅಮೆರಿಕದ ಅಧ್ಯಕ್ಷನಾಗಿ 1993ರಲ್ಲಿ ಮುದುಕರಾದ ಆ ಗುರುವಿಗೆ ದೇಶದ ಅತ್ಯುನ್ನತ ಪೌರಗೌರವವನ್ನು ಸಲ್ಲಿಸಿದರು. ಫುಲ್‌ಬ್ರೈಟರು 1995ರಲ್ಲಿ ತೀರಿಕೊಂಡರು. ಭಾರತದೊಡನೆ 1950ರಲ್ಲಿ ಆದ ಒಪ್ಪಂದದಿಂದ ಮೊದಲಾದ ವಿದ್ವಾಂಸರ ಹೋಗಿಬರುವಿಕೆ 2008ರಿಂದ ನೆಹರೂ ಅವರ ಹೆಸರನ್ನೂ ಜೊತೆಗೂಡಿಸಿಕೊಂಡಿದೆ. ಆ ವೇತನ ಪಡೆದು ಹೊರಡುವ ನಮ್ಮ ತರುಣರು ಆ ಹೆಸರಿನ ಹಿಂದಿರುವ ಮನುಷ್ಯನನ್ನು ಇಡಿಯಾಗಿ ತಿಳಿದುಕೊಂಡು ಹೋಗುವುದು ಒಳ್ಳೆಯದು: ಮೆಕಾರ್ಥಿಯೆದುರು ಒಂಟಿಯಾಗಿ ನಿಂತವನನ್ನೂ, ತನ್ನ ಊರಿನ ಶಾಲೆಯ ಬಾಗಿಲಲ್ಲಿ ಮೌನವಾಗಿ ಉಳಿದವನನ್ನೂ.