ಬೆರಕೆಯ ಬಲ

‘ಬೆರಕೆ’ ಎಂಬ ಮಾತಿಗೆ ನಮ್ಮಲ್ಲಿ ಗೌರವ ಕಡಿಮೆ. ಹಾಲಿಗೆ ನೀರು ಸೇರಿದರೆ ಬೆರಕೆ. ತುಪ್ಪಕ್ಕೆ ಎಣ್ಣೆ ಸೇರಿದರೆ ಬೆರಕೆ. ಕೆನಡಾ ದೇಶದ ಪಶ್ಚಿಮ ಅಂಚಿನಲ್ಲಿರುವ ಬ್ರಿಟಿಷ್ ಕೊಲಂಬಿಯಾದ ಕಾಡುಗಳ ವಿಚಾರವನ್ನು ಓದಿದಾಗಲೆಲ್ಲ ಆ ಮಾತಿಗೆ ಬೇರೊಂದು ಅರ್ಥವೂ ಉಂಟೆಂದು ನನಗೆ ತೋರುತ್ತದೆ.

ಅಲ್ಲಿ ಸೂಜಿಯಂಥ ಎಲೆಯುಳ್ಳ ಸ್ಪ್ರೂಸ್ ಮರಗಳ ಹಲವು ಜಾತಿಗಳುಂಟು. ಬಿಳಿ ಸ್ಪ್ರೂಸ್ ಉತ್ತರದ ತಗ್ಗುನಾಡಿನದು. ಎಂಗಲ್ಮನ್ ಸ್ಪ್ರೂಸ್ ಎತ್ತರದ ಬೆಟ್ಟಗಳದು. ಎರಡೂ ಸಂಧಿಸುವ ಇಳಿಜಾರುಗಳಲ್ಲಿ ಗಾಳಿಯೇ ಪರಾಗವನ್ನು ಹೊತ್ತು ತಂದು ಅವಕ್ಕೆ ನಂಟು ಬೆಸೆದಿದೆ. ಆ ನಂಟಿನ ಸಂತಾನ ಸೊರಗಲಿಲ್ಲ. ನಡುವಣ ನೆಲೆಗಳಲ್ಲಿ ಹೆತ್ತ ಜಾತಿಗಳಿಗಿಂತ ಚೆನ್ನಾಗಿಯೇ ಬಾಳುತ್ತಿದೆ.

ಈ ಬಾಳ್ವೆಯ ಹಿಂದೆ ಒಂದು ಲೆಕ್ಕವಿದೆ. ಬೇಸಿಗೆಯಲ್ಲಿ ಹೆಚ್ಚು ದಿನ ಬೆಳೆದ ಮರ ಎತ್ತರವಾಗುತ್ತದೆ. ಆದರೆ ಮೊಗ್ಗು ಕಟ್ಟಿ ಬೆಳವಣಿಗೆ ನಿಲ್ಲಿಸುವುದು ತಡವಾಯಿತೋ, ಶರತ್ಕಾಲದ ಮೊದಲ ಹಿಮವೇ ಅದರ ಎಳೆಗುಡಿಯನ್ನು ಸುಡುತ್ತದೆ. ಬೇಗ ನಿಲ್ಲಿಸಿದ ಮರ ಬದುಕುತ್ತದೆ, ಗಿಡ್ಡಾಗಿ. ಈ ಎರಡನ್ನೂ ತೂಗಿ ನಡೆಯುವುದೇ ಹೊಂದಾಣಿಕೆ.

ಇಂಥ ಗುಣಗಳು ಯಾವ ಯಾವ ಜೀನುಗಳಲ್ಲಿ ಅಡಗಿವೆಯೆಂದು ನಕ್ಷೆ ಬರೆಯುವುದು ಸುಲಭವಲ್ಲ. ಮನುಷ್ಯನ ಆನುವಂಶಿಕ ಲಿಪಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ಸ್ಪ್ರೂಸ್ ಮರದ ಲಿಪಿಯಲ್ಲಿ ಸುಮಾರು 2,000 ಕೋಟಿ! ಅದರ ಮೊದಲ ಕರಡು ಪ್ರಕಟವಾದದ್ದು 2013ರಲ್ಲಿ. ಚಳಿಯನ್ನು ತಾಳಲು ಒಂದೇ ಒಂದು ಜೀನು ಸಾಲದು. ಅನೇಕ ಜೀನುಗಳ ಹನಿ ಹನಿ ಕೂಡಿಯೇ ಹಳ್ಳವಾಗಬೇಕು. ಸಂಶೋಧಕರು ಕಾಡಿನ ಹಲವು ಕಡೆಗಳಿಂದ ಬೀಜ ತಂದು, ಸಸಿಗಳನ್ನು ಒಂದೇ ಬಗೆಯ ಆರೈಕೆಯಲ್ಲಿ ಬೆಳೆಸಿ, ಎತ್ತರವನ್ನೂ ಹಿಮ ತಾಳುವ ಶಕ್ತಿಯನ್ನೂ ಅಳೆದು ಜೀನುಗಳೊಡನೆ ಹೋಲಿಸಿದರು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಈ ಬೆರಕೆ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ಸುಮಾರು 14 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದ ದೂರದ ದಾಯಾದಿಗಳು. ಆದರೂ ಹವೆಗೆ ಹೊಂದಿಕೊಳ್ಳುವ ಗುರುತು ಎರಡರಲ್ಲೂ ಅವೇ 47 ಜೀನುಗಳಲ್ಲಿ ಕಂಡಿತು.

ಈ ನಕ್ಷೆಯ ಉಪಯೋಗವೇನು? ಭೂಮಿ ಬಿಸಿಯಾಗುತ್ತಿದೆ, ಮರಕ್ಕೆ ಕಾಲಿಲ್ಲ. ಇಂದು ನೆಟ್ಟ ಸಸಿ ಮೊಮ್ಮಕ್ಕಳ ಕಾಲದ ಹವೆಯಲ್ಲಿ ಬಲಿಯಬೇಕು. ಯಾವ ಇಳಿಜಾರಿಗೆ ಎಲ್ಲಿಯ ಬೀಜವೆಂಬುದನ್ನು ತಪ್ಪಿದರೆ, ಆ ತಪ್ಪು ತಿಳಿಯುವುದಕ್ಕೇ ದಶಕಗಳು ಬೇಕು. ಅಂಥ ಆಯ್ಕೆಯ ಹೊತ್ತಿನಲ್ಲಿ ಕುಲಶುದ್ಧಿಯ ಹೆಮ್ಮೆ ಯಾವ ಕಾಡನ್ನೂ ಕಾಯದು. ಎರಡು ಮನೆಗಳ ಬುತ್ತಿಯನ್ನು ಕಟ್ಟಿಕೊಂಡು ಬಂದ ಮರಕ್ಕೆ ದೂರದ ದಾರಿ ಸವೆಸುವ ಭರವಸೆ ಸ್ವಲ್ಪ ಹೆಚ್ಚು.