ಬಾರದ ಆಯಿಲ್ ಸೀಲಿಗೆ ಬೆಂಕಿ ಮದ್ದಲ್ಲ

‘ಕಾಯಿಸಿದ್ರೆ ತಾನೇ ಬಿಟ್ಕೊಳ್ತದೆ ಬಿಡಿ.’

ಜೀಪಿನ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಆಯಿಲ್ ಸೀಲ್ ಕಚ್ಚಿಕೊಂಡು ಕೂತಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ಕೈಯಲ್ಲಿ ಗ್ಯಾಸ್ ಟಾರ್ಚ್ ಆಗಲೇ ಉರಿಯುತ್ತಿರುತ್ತದೆ. ನಮ್ಮ ಹಳೇ ಜೀಪಿಗೂ ಒಮ್ಮೆ ಹೀಗೇ ಆಯಿತು. ನಾನು ಬೇಡವೆನ್ನುವಷ್ಟರಲ್ಲಿ ಸೀಲಿನ ರಬ್ಬರ್ ಸುಟ್ಟು ಕರಿಯಾಗಿ ಬೇರಿಂಗಿನೊಳಗೆ ಉದುರಿತ್ತು. ಸೀಲ್ ಮಾತ್ರ ಕೂತಲ್ಲಿಂದ ಕದಲಿರಲಿಲ್ಲ.

ಲೋಹ ಬಿಸಿಗೆ ಹಿಗ್ಗುತ್ತದೆ, ಸರಿ. ಯಾವ ಲೋಹ ಎಷ್ಟು ಹಿಗ್ಗುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ! ಸೀಲಿನ ಹೊರಗವಚ ಉಕ್ಕಿನ ತಗಡು. ವಿಲ್ಲೀಸ್ ವಂಶದ ಜೀಪುಗಳಲ್ಲಿ ಅದು ಕೂರುವ ಮನೆ ಬೀಡು ಕಬ್ಬಿಣದ್ದು. 70 ಮಿಲಿಮೀಟರ್ ಅಗಲದ ಬೀಡಿನ ತೂತು 100 ಡಿಗ್ರಿ ಬಿಸಿ ಏರಿದಾಗ ಸುಮಾರು 0.07 ಮಿಲಿಮೀಟರ್ ದೊಡ್ಡದಾಗುತ್ತದೆ. ಅಷ್ಟೇ ಬಿಸಿಗೆ ಉಕ್ಕಿನ ಸೀಲ್ 0.08ರಷ್ಟು ಬೆಳೆಯುತ್ತದೆ. ಹೋಗಲಿ ಎಂದರೆ, ಟಾರ್ಚಿನ ಜ್ವಾಲೆಗೆ ಮೊದಲು ಕಾಯುವುದು ತೆಳು ತಗಡೇ ಹೊರತು ದಪ್ಪ ಬೀಡಲ್ಲ. ಕಾಯಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ.

ಅಲ್ಯೂಮಿನಿಯಂ ಕೇಸಿನ ಲೆಕ್ಕ ಬೇರೆ. ಅದೇ ತೂತು ಅದೇ ಬಿಸಿಗೆ 0.16 ಮಿಲಿಮೀಟರ್ ಹಿಗ್ಗುತ್ತದೆ. ಹಾಗಾಗಿ ಅಲ್ಯೂಮಿನಿಯಂನಲ್ಲಿ ಕೂತ ಬೇರಿಂಗ್ ಬಿಡಿಸಲು ಹದವಾಗಿ ಬಿಸಿ ಮಾಡುವುದು ಒಳ್ಳೆಯ ಪದ್ಧತಿಯೇ. ಅದನ್ನು ನೋಡಿ ಬಂದವರು ಬೀಡಿಗೂ ಅದನ್ನೇ ಅನ್ವಯಿಸುತ್ತಿದ್ದಾರೆ. ಇನ್ನು ಕೆಲವು ಸೀಲುಗಳ ರಬ್ಬರ್ ವೈಟಾನ್ ಜಾತಿಯದು. ಅದು ಜ್ವಾಲೆಗೆ ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಬಿಡುಗಡೆಯಾಗುತ್ತದೆ. ಚರ್ಮವನ್ನೂ ಶ್ವಾಸಕೋಶವನ್ನೂ ಸುಡುವ ವಿಷ ಅದು. ಗಾಡಿಯಡಿ ಅಂಗಾತ ಮಲಗಿ ಮುಖದ ಮೇಲೆಯೇ ಈ ಕೆಲಸ ಮಾಡುವ ಹುಡುಗರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ.

‘ಕಾಯಿಸಿದ ಮೇಲೆ ಬಂತಲ್ಲ?’ ಎನ್ನುತ್ತಾರೆ. ಬಂದದ್ದು ಆಮೇಲೆ ಕೊಟ್ಟ ಸುತ್ತಿಗೆ ಪೆಟ್ಟಿಗೆ. ತಗಡಿನ ಅಂಚು ಒಳಕ್ಕೆ ಮಡಚಿಕೊಂಡಿತು, ಹಿಡಿತ ತಪ್ಪಿತು. ಕಷ್ಟ ಪೆಟ್ಟಿನದು, ಹೆಸರು ಬೆಂಕಿಗೆ. ಜ್ವರ ತಾನಾಗಿ ಇಳಿದಾಗ ತಾಯಿತಕ್ಕೆ ಕೀರ್ತಿ ಬರುವುದೂ ಹೀಗೆಯೇ. ಎರಡು ಗಾಡಿ ತಂದು, ಒಂದನ್ನು ಕಾಯಿಸಿ ಒಂದನ್ನು ಕಾಯಿಸದೆ ಬಿಚ್ಚಿ ನೋಡೋಣ ಎಂದವರನ್ನು ನಾನು ಕಂಡಿಲ್ಲ. ಉಸ್ತಾದರು ಹಾಗೆ ಮಾಡುತ್ತಿದ್ದರು, ಮೊಬೈಲಿನಲ್ಲಿ ಯಾರೋ ಹಾಗೆ ತೋರಿಸಿದರು; ನಮ್ಮಲ್ಲಿ ನಂಬಲು ಅಷ್ಟು ಸಾಕು.

ಸೀಲನ್ನು ಹಿಡಿದಿರುವುದು ಅಂಟಲ್ಲ. ತೂತಿಗಿಂತ ಒಂದು ಕೂದಲೆಳೆ ದೊಡ್ಡದಾಗಿ ಮಾಡಿ ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಅದನ್ನು ನೇರವಾಗಿ ಹೊರಕ್ಕೆ ಎಳೆಯಬೇಕು. ಸೀಲಿನ ಮುಖದ ತಗಡಿನಲ್ಲಿ ಎದುರುಬದುರು ಎರಡು ಸಣ್ಣ ತೂತು ಕೊರೆಯಿರಿ. ಡ್ರಿಲ್ ಬಿಟ್ಟಿಗೆ ಗ್ರೀಸ್ ಸವರಿದರೆ ಚೂರು ಅಂಟಿಕೊಳ್ಳುತ್ತದೆ. ಬಿಟ್ಟಿನ ತುದಿಯಷ್ಟನ್ನೇ ಬಿಟ್ಟು ಟೇಪ್ ಸುತ್ತಿದರೆ ಹಿಂದಿನ ಬೇರಿಂಗಿಗೆ ತಾಗುವುದಿಲ್ಲ. ತಗಡಿನ ಸ್ಕ್ರೂ ಎರಡನ್ನು ತಿರುಗಿಸಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆಯುತ್ತ ಬನ್ನಿ. ಎಂಥ ಹಠಮಾರಿಯೂ ಬರುತ್ತದೆ. ಹಿಂದಿನ ಕ್ಯಾಪನ್ನೇ ಬಿಚ್ಚಿ ಸೀಲನ್ನು ಒಳಗಿನಿಂದ ಹೊಡೆದು ತೆಗೆಯುವುದಾದರೆ ಶಿಮ್‌ಗಳು ಒಂದೂ ತಪ್ಪದೆ ಮರಳಿ ಕೂರಬೇಕು. ಬೇರಿಂಗಿನ ಆಟ ನಿರ್ಧರಿಸುವುದು ಅವೇ.

ಸೀಲಿನ ಸುತ್ತ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಬೀಡಿನಲ್ಲಿ ಬಿದ್ದ ಗೀರೇ ನಾಳೆ ಎಣ್ಣೆಗೆ ದಾರಿ. ದಪ್ಪ ಎಣ್ಣೆ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎನ್ನುವುದೂ ಸುಳ್ಳು. ಹೊಸ ಸೀಲೂ ಜಿನುಗಿದರೆ ಅಂಗಡಿಯವನನ್ನು ಬಯ್ಯುವ ಮೊದಲು ಬ್ರೀದರ್ ಕಟ್ಟಿದೆಯೇ, ಸೀಲಿನ ತುಟಿ ತಾಗುವ ಯೋಕಿನ ಮೇಲೆ ಉಗುರಿಗೆ ಸಿಗುವಂಥ ಗೀರು ಬಿದ್ದಿದೆಯೇ ನೋಡಿ.

ವಿಲ್ಲೀಸ್ ಮಾದರಿಯ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಗಾಲಿಯಲ್ಲಲ್ಲ, ಇದೇ ಸೀಲಿನ ಬೆನ್ನಿಗೆ. ಸೋರಿದ ಎಣ್ಣೆ ನೇರ ಹೋಗುವುದು ಆ ಲೈನರಿಗೆ. ಸೀಲ್ ಜಿನುಗುವ ಜೀಪನ್ನು ಘಾಟಿಯ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ನಂಬಿ ನಿಲ್ಲಿಸಬೇಡಿ. ಗಾಲಿಗೆ ಕಲ್ಲು ಕೊಟ್ಟೇ ಇಳಿಯಿರಿ.